ಗೋಡೆ ಮುಚ್ಚುವ ಮುನ್ನ ಬೇಕಾದ ಸಹಿ

ಮುಂಬಯಿ ಸುತ್ತಿನ ಡೊಂಬಿವಲಿ ಪೂರ್ವದ ತಿಲಕ್ ನಗರ, ರಾಮನಗರ, ಕಲ್ಯಾಣ್ ಪಶ್ಚಿಮದ ಹಳೇ ಬಡಾವಣೆಗಳು, ಥಾಣೆಯ ನೌಪಾಡಾ, ವಾಶಿ, ನೆರೂಲಿನಲ್ಲಿ ಸರಕಾರಿ ಸಂಸ್ಥೆ ಸಿಡ್ಕೊ ಕಟ್ಟಿಸಿದ ಮನೆಗಳು. ಊರು ಬಿಟ್ಟು ಬಂದು, ಹೋಟೆಲು, ಬ್ಯಾಂಕು, ಕಚೇರಿಗಳಲ್ಲಿ ದುಡಿದು, ಸಾಲಸೋಲ ಮಾಡಿ ನಮ್ಮ ಕನ್ನಡಿಗರು ಕೊಂಡ ಫ್ಲಾಟುಗಳು ಈ ಪಟ್ಟಿಯಲ್ಲಿ ಬೇಕಾದಷ್ಟಿವೆ. ಕಟ್ಟಿದ ಕಾಲಕ್ಕೆ ಅಲ್ಲಿನ ವಯರಿಂಗ್ ಸಾಕಾಗಿತ್ತು. ನಾಲ್ಕು ಟ್ಯೂಬ್‌ಲೈಟು, ಎರಡು ಫ್ಯಾನು, ಒಂದು ಫ್ರಿಜ್, ಒಂದು ಟೀವಿ. ಇವತ್ತು ಅದೇ ಮನೆಯಲ್ಲಿ 3 ಕಿಲೋವಾಟಿನ ಗೀಸರ್, 2 ಕಿಲೋವಾಟಿನ ಇಂಡಕ್ಷನ್ ಒಲೆ, ಎರಡು ಕೋಣೆಗೆ ಎರಡು ಏಸಿ. ಎಲ್ಲ ಒಟ್ಟಿಗೆ ನಡೆದರೆ 8 ಕಿಲೋವಾಟ್ ಮುಟ್ಟುತ್ತದೆ; 230 ವೋಲ್ಟಿನಲ್ಲಿ ಅದು ಸುಮಾರು 35 ಆಂಪಿಯರ್. ಅಜ್ಜನ ಕಾಲದ ಅಲ್ಯೂಮಿನಿಯಂ ತಂತಿ, ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸು ಇದನ್ನು ತಾಳುವುದಿಲ್ಲ.

ಹೀಗಾಗಿ ಮನೆ ರಿಪೇರಿ ಎಂದರೆ ಈಗ ಟೈಲ್ಸು, ಅಡುಗೆಮನೆ, ಅದರ ಜೊತೆಗೆ ವಯರಿಂಗ್. ಕೆಲಸಕ್ಕೆ ಬರುವವನು ನಾಕಾದ ಅಂಗಡಿಯ ಇಲೆಕ್ಟ್ರಿಶಿಯನ್, ಇಲ್ಲವೇ ಇಂಟೀರಿಯರ್ ಕಂತ್ರಾಟುದಾರ ಕರೆತಂದ ಹುಡುಗ. ಕೈಕೆಲಸ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ, ಲೈಸನ್ಸ್ ಮಾತ್ರ ಇರುವುದಿಲ್ಲ. ಎಲ್ಲ ಮುಗಿದು ಬಣ್ಣ ಬಳಿದ ಮೇಲೆ, ಲೋಡ್ ಏರಿಸಲು ವಿದ್ಯುತ್ ಪೂರೈಸುವ ಮಹಾವಿತರಣ್‌ಗೆ ಅರ್ಜಿ ಹಾಕಿದಾಗಲೋ ಸೊಸೈಟಿಯ ಕಾರ್ಯದರ್ಶಿ ಕಾಗದ ಕೇಳಿದಾಗಲೋ ಪ್ರಶ್ನೆ ಏಳುತ್ತದೆ: ಇದಕ್ಕೆ ಸರ್ಟಿಫಿಕೇಟ್ ಕೊಡುವವರು ಯಾರು?

ಲೈಸನ್ಸ್ ಇರುವ ಕಂತ್ರಾಟುದಾರ ಕೊಡಬಹುದು, ಆದರೆ ಅವನು ಕಂಡದ್ದಕ್ಕೆ ಮಾತ್ರ. ಕಾಣದ ತಂತಿಗೆ ಸಹಿ ಹಾಕಿಸುವ ದಾರಿ ಹುಡುಕುವ ಬದಲು, ತಂತಿ ಕಾಣುವಾಗಲೇ ಅವನನ್ನು ಮನೆಗೆ ಕರೆಸುವುದು ಅಗ್ಗ, ಸುಲಭ, ಕಾನೂನಿಗೂ ಸರಿ.

ಕಾನೂನು ಎಲ್ಲಿ ಗೆರೆ ಎಳೆದಿದೆ

ದೇಶಕ್ಕೆಲ್ಲ ಅನ್ವಯಿಸುವ ನಿಯಮ ಒಂದೇ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತೆ ಮತ್ತು ವಿದ್ಯುತ್ ಪೂರೈಕೆ ನಿಯಮಾವಳಿ, 2023. ಅದಕ್ಕೂ ಮೊದಲು 2010ರ ನಿಯಮಾವಳಿ, ಅದಕ್ಕೂ ಮೊದಲು 1956ರ ಭಾರತೀಯ ವಿದ್ಯುತ್ ನಿಯಮಗಳು. ವರ್ಷ ಬದಲಾದರೂ ಮೂಲ ಮಾತು ಬದಲಾಗಿಲ್ಲ. ಗ್ರಾಹಕನ ಜಾಗದಲ್ಲಿ ಹೊಸ ವಯರಿಂಗ್ ಆಗಲಿ, ಇದ್ದದ್ದಕ್ಕೆ ಸೇರ್ಪಡೆ, ಬದಲಾವಣೆ, ದುರಸ್ತಿಯಾಗಲಿ, ಅದನ್ನು ರಾಜ್ಯ ಸರಕಾರದ ಲೈಸನ್ಸ್ ಪಡೆದ ವಿದ್ಯುತ್ ಕಂತ್ರಾಟುದಾರನೇ ಮಾಡಿಸಬೇಕು. ಅರ್ಹತಾ ಪ್ರಮಾಣಪತ್ರ ಇರುವ ಸೂಪರ್‌ವೈಸರನ ನೇರ ಉಸ್ತುವಾರಿಯಲ್ಲಿ, ಪರ್ಮಿಟ್ ಇರುವ ಕೆಲಸಗಾರ ಮಾಡಬೇಕು.

ಇದಕ್ಕೊಂದು ವಿನಾಯಿತಿ ಇದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, 250 ವೋಲ್ಟ್ ಮೀರದ ಮನೆಬಳಕೆಯ ಉಪಕರಣ, ಇಂಥವನ್ನು ಇದ್ದಲ್ಲೇ ಬದಲಿಸಬಹುದು. ಆದರೆ ವ್ಯವಸ್ಥೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗಬಾರದು. ಹಾಳಾದ ಸ್ವಿಚ್ಚಿನ ಜಾಗಕ್ಕೆ ಅಂಥದ್ದೇ ಸ್ವಿಚ್ಚು ಹಾಕಿದರೆ ಯಾರ ಅಪ್ಪಣೆಯೂ ಬೇಡ. ಅದೇ ಬೋರ್ಡಿನಿಂದ ಹೊಸ ತಂತಿ ಎಳೆದು ಏಸಿಗೆ 16 ಆಂಪಿಯರ್ ಪಾಯಿಂಟ್ ಕೊಟ್ಟರೆ ಗೆರೆ ದಾಟಿದಂತಾಯಿತು. ಮನೆಯಿಡೀ ಹೊಸ ವಯರಿಂಗ್ ಎಂದರೆ ಹೇಳುವುದೇ ಬೇಡ.

ಲಂಡನ್ನಿನಲ್ಲೋ ಲೆಸ್ಟರಿನಲ್ಲೋ ಇರುವ ಮಗ ಫೋನಿನಲ್ಲಿ, ಇಲ್ಲಿ ನಾನೇ ವಯರಿಂಗ್ ಮಾಡಿ ಕೌನ್ಸಿಲಿನಿಂದ ಪಾಸ್ ಮಾಡಿಸಿಕೊಂಡೆ ಎಂದಿರಬಹುದು. ಅದು ಸುಳ್ಳಲ್ಲ. ಇಂಗ್ಲೆಂಡಿನಲ್ಲಿ 2005ರಿಂದ ಜಾರಿಯಲ್ಲಿರುವ ಕಟ್ಟಡ ನಿಯಮಗಳ ಪಾರ್ಟ್ ಪಿ ಪ್ರಕಾರ, ನೋಂದಣಿ ಇಲ್ಲದವನೂ ಮೊದಲೇ ತಿಳಿಸಿ, ಶುಲ್ಕ ಕಟ್ಟಿ, ಸ್ಥಳೀಯ ಆಡಳಿತದಿಂದ ತಪಾಸಣೆ ಮಾಡಿಸಿಕೊಳ್ಳಬಹುದು. 2013ರಿಂದ ಮೂರನೆಯ ವ್ಯಕ್ತಿಯ ದೃಢೀಕರಣಕ್ಕೂ ಅವಕಾಶವಿದೆ. ನಮ್ಮಲ್ಲಿ ಆ ಬಾಗಿಲು ಇಲ್ಲ. ನಿಯಮಾವಳಿಯಲ್ಲಿ ಸ್ವಯಂ ದೃಢೀಕರಣ ಎಂಬ ಮಾತು ಬರುತ್ತದೆ, ನಿಜ. ಅದು ವ್ಯವಸ್ಥೆಯನ್ನು ಪರೀಕ್ಷಿಸುವ ಬಗ್ಗೆ. ಮನೆಯೊಡೆಯ ತಾನೇ ವಯರಿಂಗ್ ಮಾಡಿ ತಾನೇ ಸಹಿ ಹಾಕಲು ಕೊಟ್ಟ ರಹದಾರಿ ಎಂದು ಅದನ್ನು ಓದಿಕೊಳ್ಳಬೇಡಿ.

ಹಾಗಾದರೆ ಲೈಸನ್ಸ್ ಇಲ್ಲದ, ಆದರೆ ನಂಬಿಕೆಯ ನಮ್ಮ ಇಲೆಕ್ಟ್ರಿಶಿಯನ್ ಕೆಲಸ ಮಾಡಲೇಬಾರದೇ? ವಯರ್‌ಮನ್ ಪರ್ಮಿಟ್ ಇದ್ದರೆ ಅವನು ಲೈಸನ್ಸ್ ಇರುವ ಕಂತ್ರಾಟುದಾರನ ಕೆಳಗೆ ಮಾಡಬಹುದು. ಪರ್ಮಿಟ್ಟೂ ಇಲ್ಲದಿದ್ದರೆ ಗೋಡೆ ಕೊರೆಯಲಿ, ಪೈಪು ಹೂಡಲಿ. ತಂತಿಯ ಕೆಲಸ ಬೇಡ. ಇಲ್ಲೊಂದು ಗೊಂದಲ ಆಗಾಗ ಕಾಣುತ್ತದೆ. ಐಟಿಐಯಲ್ಲಿ ಕಲಿತವರು ಮರಾಠಿಯಲ್ಲಿ ವೀಜತಂತ್ರಿ, ತಾರತಂತ್ರಿ ಎಂದು ಬರೆದ ಪ್ರಮಾಣಪತ್ರ ತೋರಿಸುತ್ತಾರೆ. ಅದು ಓದಿನ ಪ್ರಮಾಣ. ಪರ್ಮಿಟ್ ಎಂಬುದು ಸರಕಾರದ ಲೈಸನ್ಸಿಂಗ್ ಬೋರ್ಡ್ ಬೇರೆಯಾಗಿ ಕೊಡುವ ಕಾಗದ. ಕಂತ್ರಾಟುದಾರನ ಲೈಸನ್ಸು ಮತ್ತೊಂದು, ಅದನ್ನು ನವೀಕರಿಸುತ್ತಲೇ ಇರಬೇಕು. ಕಾರ್ಡಿನ ಮೇಲೆ ಗವರ್ನಮೆಂಟ್ ಲೈಸನ್ಸ್ಡ್ ಎಂದು ಅಚ್ಚಾಗಿದ್ದರೆ ಸಾಲದು. ಲೈಸನ್ಸಿನ ಪ್ರತಿ ಕೇಳಿ, ಹೆಸರು, ನಂಬರು, ಅವಧಿ ಮುಗಿಯುವ ದಿನ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಲೈಸನ್ಸ್ ಅಣ್ಣನ ಹೆಸರಿನಲ್ಲಿದೆ ಎಂದರೆ ಅಣ್ಣನೇ ಬಂದು ಸಹಿ ಹಾಕಲಿ.

ನಮ್ಮವರಿಗೆ ಮಾತ್ರ ಬರುವ ಒಂದು ತೊಡಕು ಇದು. ಕಾರ್ಕಳದಿಂದಲೋ ಕುಂದಾಪುರದಿಂದಲೋ ಪರಿಚಯದ ವಯರ್‌ಮನ್ನನ್ನು ಕರೆಸಿ, ಮನೆಯಲ್ಲೇ ಊಟ ವಸತಿ ಕೊಟ್ಟು ಕೆಲಸ ಮಾಡಿಸುವುದುಂಟು. ಅವನ ಬಳಿ ಕರ್ನಾಟಕ ಸರಕಾರದ ಪರ್ಮಿಟ್ ಇರುತ್ತದೆ. ನಿಯಮ ಹೇಳುವುದು ಆಯಾ ರಾಜ್ಯ ಸರಕಾರ ಕೊಟ್ಟ ಅಥವಾ ಮಾನ್ಯ ಮಾಡಿದ ಪರ್ಮಿಟ್ ಎಂದು. ಕರ್ನಾಟಕದ ಕಾಗದವನ್ನು ಮಹಾರಾಷ್ಟ್ರ ಮಾನ್ಯ ಮಾಡಿದೆಯೇ ಎಂದು ಮೊದಲೇ ವಿಚಾರಿಸಿ. ಇಲ್ಲದಿದ್ದರೆ ಅವನ ಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ಇಲ್ಲಿ ಅವನ ಪರ್ಮಿಟ್ ನಡೆಯುವುದಿಲ್ಲ.

ಕಾಗದ ಕೇಳುವುದು ಯಾವಾಗ

ನಿಜ ಹೇಳಬೇಕೆಂದರೆ, ಲೋಡ್ ಬದಲಿಸದೆ ಮನೆಯೊಳಗೆ ವಯರಿಂಗ್ ಮಾಡಿಸಿದರೆ ಯಾರೂ ಬಂದು ಬಾಗಿಲು ತಟ್ಟುವುದಿಲ್ಲ. ಅದಕ್ಕೇ ಈ ವಿಷಯ ಇಷ್ಟು ಸಡಿಲವಾಗಿರುವುದು. ಕಾಗದ ಬೇಕಾಗುವುದು ಕೆಲವು ತಿರುವುಗಳಲ್ಲಿ: ಹೊಸ ಸಂಪರ್ಕ, ಲೋಡ್ ಏರಿಕೆ, ಸಿಂಗಲ್ ಫೇಸಿನಿಂದ ತ್ರೀ ಫೇಸಿಗೆ ಹೋಗುವುದು. ಇಂಥ ಅರ್ಜಿ ಬಂದಾಗ ಪೂರೈಕೆದಾರ ಸಂಸ್ಥೆ ಒಂದೋ ತಾನೇ ಮನೆಯ ವಯರಿಂಗ್ ಪರೀಕ್ಷಿಸಬೇಕು, ಇಲ್ಲವೇ ಲೈಸನ್ಸ್ ಇರುವ ಕಂತ್ರಾಟುದಾರ ಸಹಿ ಮಾಡಿದ ಟೆಸ್ಟ್ ರಿಪೋರ್ಟನ್ನು ಒಪ್ಪಿಕೊಳ್ಳಬೇಕು. ನಡೆಯುವುದು ಸಾಮಾನ್ಯವಾಗಿ ಎರಡನೆಯದೇ.

ನಿವೃತ್ತಿಯ ಮೇಲೆ ಫ್ಲಾಟಿಗೆ ಬೀಗ ಹಾಕಿ ಊರಿಗೆ ಹೋಗುವವರಿಗೂ ಒಂದು ತಿರುವು ಇದೆ. ಬಿಲ್ ಕಟ್ಟದೆಯೋ ಬೇಡವೆಂದು ಬರೆದುಕೊಟ್ಟೋ ಸಂಪರ್ಕ ಕಡಿದು ಆರು ತಿಂಗಳು ದಾಟಿದರೆ, ಮತ್ತೆ ಜೋಡಿಸುವ ಮುನ್ನ ಇದೇ ಪರೀಕ್ಷೆ ಆಗಬೇಕು. ಬಾಡಿಗೆದಾರ ಸೂಟ್‌ಕೇಸ್ ಹಿಡಿದು ನಿಂತಿರುವಾಗ ಟೆಸ್ಟ್ ರಿಪೋರ್ಟಿಗಾಗಿ ಓಡಾಡುವ ಪಾಡು ಬೇಡವೆಂದರೆ ಊರಿಗೆ ಹೊರಡುವ ಮುಂಚೆ ಕನಿಷ್ಠ ಬಿಲ್ಲು ತಾನಾಗಿ ಪಾವತಿಯಾಗುವ ವ್ಯವಸ್ಥೆ ಮಾಡಿ.

ಈ ಊರುಗಳಲ್ಲಿ ಪೂರೈಕೆದಾರ ಎಂದರೆ ಮಹಾವಿತರಣ್. 2005ರಲ್ಲಿ ಎಮ್‌ಎಸ್‌ಇಬಿ ಒಡೆದು ಹುಟ್ಟಿದ ಕಂಪನಿಯಾದರೂ ಜನರ ಬಾಯಲ್ಲಿ ಇನ್ನೂ ಎಮ್‌ಎಸ್‌ಇಬಿಯೇ. ಡೊಂಬಿವಲಿ, ಕಲ್ಯಾಣ್ ಅದರ ಕಲ್ಯಾಣ್ ವಲಯಕ್ಕೆ ಸೇರಿದರೆ, ಥಾಣೆ ಮತ್ತು ನವಿ ಮುಂಬಯಿ ಭಾಂಡುಪ್ ವಲಯಕ್ಕೆ. ಮುಂಬ್ರಾ, ಕಳ್ವಾ, ಶೀಲ್ ಭಾಗದಲ್ಲಿ 2020ರ ಮಾರ್ಚಿನಿಂದ ಟೊರೆಂಟ್ ಪವರ್ ಫ್ರಾಂಚೈಸಿಯಾಗಿ ಕೆಲಸ ನೋಡುತ್ತಿದೆ. ಅಲ್ಲಿಯವರು ಅರ್ಜಿಯನ್ನು ಅವರಲ್ಲೇ ಹಾಕಬೇಕು. ನಿಮ್ಮ ಈಗಿನ ಲೋಡ್ ಎಷ್ಟೆಂದು ತಿಳಿಯಲು ಲೈಟ್ ಬಿಲ್ ಸಾಕು. ಮರಾಠಿ ಬಿಲ್ಲಿನಲ್ಲಿ ಮಂಜೂರ್ ಭಾರ್ ಎಂದು ಬರೆದಿರುವ ಅಂಕಿ ನೋಡಿ. ಮನೆಯಲ್ಲಿ ಎರಡು ಏಸಿ ನಡೆಯುತ್ತಿದ್ದು ಅಲ್ಲಿ 1 ಕಿಲೋವಾಟ್ ಎಂದಿದ್ದರೆ ವಯರಿಂಗಿನ ಜೊತೆಗೇ ಲೋಡಿನ ಅರ್ಜಿಯನ್ನೂ ಹಾಕುವುದು ಜಾಣತನ. ಒಂದೇ ಟೆಸ್ಟ್ ರಿಪೋರ್ಟಿನಲ್ಲಿ ಎರಡೂ ಕೆಲಸ ಆಗುತ್ತದೆ.

ವಿಮೆಯ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಭಾರತ್ ಗೃಹ ರಕ್ಷಾ ಎಂಬ ಒಂದೇ ನಮೂನೆಯ ಮನೆ ವಿಮೆ ಕೊಡುತ್ತಿವೆ. ಬೆಂಕಿಯ ನಷ್ಟಕ್ಕೆ ಅರ್ಜಿ ಹಾಕಿದಾಗ ಸರ್ವೇಯರ್ ಬಂದು ಕಾರಣ ಹುಡುಕುತ್ತಾನೆ. ಆಗ ಕೈಯಲ್ಲಿ ಒಂದು ಟೆಸ್ಟ್ ರಿಪೋರ್ಟ್ ಇದ್ದರೆ ಮಾತಾಡಲು ಆಧಾರವಿರುತ್ತದೆ.

ಮೀಟರಿನಿಂದ ಮನೆಯವರೆಗಿನ ತಂತಿ ಯಾರದು

ವಯರಿಂಗ್ ಎಂದಾಗ ಎಲ್ಲರ ಕಣ್ಣು ಮನೆಯೊಳಗೇ ಇರುತ್ತದೆ. ಒಳಗೆ ಹೆಸರಾಂತ ಕಂಪನಿಯ ತಾಮ್ರದ ತಂತಿ, ಗಾಜಿನಂಥ ಸ್ವಿಚ್ಚುಗಳು. ಕೆಳಗೆ ಮೀಟರ್ ರೂಮಿನಿಂದ ಮೂರನೇ ಮಹಡಿಗೆ ಬರುವ ಮುಖ್ಯ ತಂತಿ ಮಾತ್ರ 1982ರದ್ದೇ, ಅಲ್ಯೂಮಿನಿಯಂ. ಹೊಸ ತಾಮ್ರವನ್ನು ಹಳೆ ಅಲ್ಯೂಮಿನಿಯಂಗೆ ನೇರ ಸುತ್ತಿ ಟೇಪ್ ಹಾಕಿದ ಕಡೆ ತುಕ್ಕು ಹಿಡಿಯುತ್ತದೆ, ಸಡಿಲವಾಗುತ್ತದೆ, ಬಿಸಿಯಾಗುತ್ತದೆ. ಖಾಡಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಇದಕ್ಕೆ ಕೈಜೋಡಿಸುತ್ತವೆ. ಮನೆಯೊಳಗಿನ ಲೋಡು ಏರಿದಾಗ ಮೊದಲು ಕರಗುವುದು ಈ ಗಂಟೇ.

ಈ ತಂತಿಯ ಹೊಣೆ ಯಾರದೆಂಬ ಜಗಳ ಸೊಸೈಟಿಯ ಸಭೆಗಳಲ್ಲಿ ಹೊಸತಲ್ಲ. ಮಹಾರಾಷ್ಟ್ರದ ಸಹಕಾರಿ ವಸತಿ ಸಂಘಗಳ ಮಾದರಿ ಉಪವಿಧಿಯಲ್ಲಿ ಇದಕ್ಕೆ ಉತ್ತರ ಇದೆ. ಫ್ಲಾಟಿನ ಮೇನ್ ಸ್ವಿಚ್ಚಿನವರೆಗಿನ ವಿದ್ಯುತ್ ತಂತಿಗಳ ದುರಸ್ತಿ ಸೊಸೈಟಿ ತನ್ನ ಖರ್ಚಿನಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿದೆ. ನಿಮ್ಮ ಸೊಸೈಟಿ ಆ ಉಪವಿಧಿಯನ್ನು ಅಂಗೀಕರಿಸಿದೆಯೇ ಎಂದು ನೋಡಿ, ಪುಟದ ಪ್ರತಿ ಲಗತ್ತಿಸಿ ಕಾರ್ಯದರ್ಶಿಗೆ ಪತ್ರ ಕೊಡಿ. ಮೀಟರಿನವರೆಗೆ ಮಹಾವಿತರಣ್, ಮೀಟರಿನಿಂದ ಮೇನ್ ಸ್ವಿಚ್ಚಿನವರೆಗೆ ಸೊಸೈಟಿ, ಅಲ್ಲಿಂದಾಚೆ ನೀವು. ನನ್ನನ್ನು ಕೇಳಿದರೆ, ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಫ್ಯಾನ್ಸಿ ಸ್ವಿಚ್ಚು, ಪ್ರೊಫೈಲ್ ಲೈಟು ಬಿಟ್ಟು ಈ ನಡುವಿನ ತಂತಿಯನ್ನು ಮೊದಲು ಬದಲಿಸುವಂತೆ ಸೊಸೈಟಿಯ ಬೆನ್ನು ಹತ್ತಬೇಕು. ಇಡೀ ಕಟ್ಟಡಕ್ಕೆ ಒಟ್ಟಿಗೆ ಮಾಡಿಸಿದರೆ ಪ್ರತಿ ಮನೆಗೆ ಬೀಳುವ ಪಾಲು ಕಡಿಮೆ.

15 ಮೀಟರಿಗಿಂತ ಎತ್ತರದ ಕಟ್ಟಡವಾದರೆ ಇನ್ನೊಬ್ಬರು ಸೇರಿಕೊಳ್ಳುತ್ತಾರೆ. ಅಂಥ ಬಹುಮಹಡಿ ಕಟ್ಟಡಗಳ ವಿದ್ಯುತ್ ವ್ಯವಸ್ಥೆ ಸರಕಾರದ ವಿದ್ಯುತ್ ನಿರೀಕ್ಷಕರ ತಪಾಸಣೆಗೆ ಒಳಪಡುತ್ತದೆ. ತಂತಿ ಏರುವ ಡಕ್ಟಿನಲ್ಲಿ ಬೇರೆ ಪೈಪು, ಬೇರೆ ಕೇಬಲ್ ಇರಕೂಡದು. ಎಷ್ಟು ಕಟ್ಟಡಗಳಲ್ಲಿ ಆ ಡಕ್ಟಿನೊಳಗೆ ಇಂಟರ್ನೆಟ್ ಕೇಬಲ್, ಪೊರಕೆ, ಹಳೆ ಪೇಂಟ್ ಡಬ್ಬಿ ಸೇರಿಕೊಂಡಿವೆ ಎಂದು ನಿಮ್ಮ ಮಹಡಿಯಲ್ಲೇ ಬಾಗಿಲು ತೆರೆದು ನೋಡಿ. ಇನ್ನು ಮುಂಬಯಿಯನ್ನು ಮುಳುಗಿಸಿದ 2005ರ ಜುಲೈ 26ರ ಮಳೆ ಕಂಡವರಿಗೆ ನೆಲಮಟ್ಟದ ಮೀಟರ್ ರೂಮಿನ ಅಪಾಯ ಬಿಡಿಸಿ ಹೇಳಬೇಕಾಗಿಲ್ಲ. ಕೇಬಲ್ ಬದಲಿಸುವಾಗಲೇ ಮೀಟರ್ ಬೋರ್ಡನ್ನು ಎತ್ತರಿಸುವ ಮಾತನ್ನೂ ಸಭೆಯಲ್ಲಿ ಎತ್ತಿ.

ಮೂರು ಸಲ ಬರಲಿ

ಲೈಸನ್ಸ್ ಇರುವ ಕಂತ್ರಾಟುದಾರನ ಜೊತೆ ವ್ಯವಹಾರ ಕುದುರಿಸುವಾಗ ಪಾಯಿಂಟಿಗೆ ಇಷ್ಟು ಎಂಬ ದರದ ಜೊತೆ ಇನ್ನೆರಡು ಸಾಲು ಬರೆಸಿಕೊಳ್ಳಿ. ಅವನು ಅಥವಾ ಅವನ ಸೂಪರ್‌ವೈಸರ್ ಕಡೇಪಕ್ಷ ಮೂರು ಹಂತದಲ್ಲಿ ಖುದ್ದು ಬರಬೇಕು. ಕೊನೆಯ ಕಂತಿನ ಹಣ ಸಹಿ ಮಾಡಿದ ಟೆಸ್ಟ್ ರಿಪೋರ್ಟ್ ಕೈಸೇರಿದ ಮೇಲೆ ಮಾತ್ರ.

ಮೊದಲ ಭೇಟಿ ಕೆಲಸಕ್ಕೆ ಮುಂಚೆ. ಎಲ್ಲಿ ಯಾವ ಉಪಕರಣ, ಎಷ್ಟು ಸರ್ಕ್ಯೂಟು, ಯಾವ ಅಳತೆಯ ತಂತಿ ಎಂದು ಒಂದು ಹಾಳೆಯಲ್ಲಿ ಗೀಚಿಕೊಳ್ಳಬೇಕು. ಲೈಟು ಫ್ಯಾನಿಗೆ 1.5 ಚದರ ಮಿ.ಮೀ., ಗೀಸರ್ ಏಸಿಗೆ ತಲಾ ಒಂದು ಪ್ರತ್ಯೇಕ 4 ಚದರ ಮಿ.ಮೀ. ಲೈನು, ಇದು ಒಳ್ಳೆಯ ಕೆಲಸದ ಸಾಮಾನ್ಯ ಮಟ್ಟ. ತಂತಿಗೆ ಐಎಸ್ 694, ವಯರಿಂಗ್ ಪದ್ಧತಿಗೆ ಐಎಸ್ 732, ಅರ್ಥಿಂಗಿಗೆ ಐಎಸ್ 3043 ಎಂಬ ಭಾರತೀಯ ಮಾನಕಗಳಿವೆ. ಕೊಟೇಶನ್ನಿನಲ್ಲಿ ಈ ಮೂರು ನಂಬರು ನಮೂದಿಸಿ ಎಂದು ಕೇಳಿ. ಕಂತ್ರಾಟುದಾರ ತಲೆ ಕೆರೆದುಕೊಂಡರೆ ಅಲ್ಲೇ ಅವನ ಮಟ್ಟ ತಿಳಿಯುತ್ತದೆ.

ಎರಡನೆಯ ಭೇಟಿಯೇ ಮುಖ್ಯ. ಗೋಡೆ ಕೊರೆದು, ಪೈಪು ಕೂರಿಸಿ, ತಂತಿ ಎಳೆದು, ಇನ್ನೂ ಪ್ಲಾಸ್ಟರ್ ಬೀಳದ ದಿನ. ಗಾರೆಯವನಿಗೆ ಎಷ್ಟು ಅವಸರವಿದ್ದರೂ ಆ ಒಂದು ದಿನ ಸಿಮೆಂಟು ಕಲಸಲು ಬಿಡಬೇಡಿ. ಪೈಪಿಲ್ಲದೆ ತಂತಿಯನ್ನು ಗೋಡೆಯಲ್ಲೇ ಹೂತದ್ದು, ಪೈಪಿನೊಳಗೆ ಗಂಟು ಹಾಕಿದ್ದು, ಹಸಿರು ಅರ್ಥ್ ತಂತಿ ಬೋರ್ಡಿನವರೆಗೆ ಬಂದು ಅಲ್ಲಿಂದ ಮುಂದೆ ಹೋಗದೆ ನಿಂತದ್ದು, ಎಲ್ಲ ಕಾಣುವುದು ಆಗಲೇ. ಫೋನಿನಲ್ಲಿ ಪ್ರತಿ ಗೋಡೆಯ ಫೋಟೋ ತೆಗೆಯಿರಿ. ಅಳತೆಪಟ್ಟಿಯನ್ನು ಗೋಡೆಗೆ ಹಿಡಿದು ತೆಗೆದರೆ ನಾಳೆ ಟೀವಿ ತೂಗುಹಾಕಲು ಡ್ರಿಲ್ ಮಾಡುವಾಗ ಉಪಕಾರವಾಗುತ್ತದೆ. ಫಾಲ್ಸ್ ಸೀಲಿಂಗ್ ಇದ್ದರೆ ಅದರ ಮೇಲಿನ ತಂತಿಯೂ ಪೈಪಿನೊಳಗೇ ಇರಬೇಕು. ಇಂಟೀರಿಯರಿನವರು ಅತಿ ಹೆಚ್ಚು ಜಾರಿಕೊಳ್ಳುವ ಜಾಗ ಅದು.

ಮೂರನೆಯದು ಪರೀಕ್ಷೆಯ ಭೇಟಿ. ಇದನ್ನು ಹತ್ತಿರ ನಿಂತು ನೋಡಿ. ಮೇನ್ ಆಫ್ ಮಾಡುತ್ತಾರೆ. ಬಲ್ಬು ಕಳಚಿ, ಫ್ರಿಜ್, ವೈಫೈ, ಟೀವಿಯ ಪ್ಲಗ್ ತೆಗೆಯುತ್ತಾರೆ. ಡಿಬಿ ಎಂಬ ಮುಖ್ಯ ವಿತರಣಾ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ನ್ಯೂಟ್ರಲ್ ತಂತಿಗಳನ್ನು ಪಟ್ಟಿಯಿಂದ ಬೇರ್ಪಡಿಸುತ್ತಾರೆ. ಮೆಗ್ಗರ್ ಎಂಬ ಉಪಕರಣದ ಒಂದು ಕೊನೆ ಫೇಸಿಗೆ, ಇನ್ನೊಂದು ಅರ್ಥಿಗೆ; ಗುಂಡಿ ಒತ್ತಿದರೆ 500 ವೋಲ್ಟ್ ಡಿಸಿ ಹರಿಯುತ್ತದೆ, ಒಂದು ನಿಮಿಷ ಕಾಯುತ್ತಾರೆ. ಮುಳ್ಳು ಅಥವಾ ಅಂಕಿ 1 ಮೆಗಾಓಮಿಗಿಂತ ಕೆಳಗೆ ನಿಲ್ಲಬಾರದು. ಹೊಸ ತಂತಿಯಲ್ಲಿ ಅದು ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಒಂದು ಸರ್ಕ್ಯೂಟ್ ಮಾತ್ರ 0.3 ತೋರಿಸಿದರೆ ಅಲ್ಲೆಲ್ಲೋ ತೇವವೋ, ಮೊಳೆ ತಾಗಿದ್ದೋ, ಸುಲಿದ ತಂತಿಯೋ ಇದೆ ಎಂದೇ ಅರ್ಥ. ವಾಟರ್ ಪ್ಯೂರಿಫೈಯರಿನ ಹಿಂದಿನ ಬೋರ್ಡು, ಬಾತ್‌ರೂಮಿನ ಗೀಸರ್ ಪಾಯಿಂಟು, ಬಾಲ್ಕನಿಯ ಲೈಟು, ಹುಡುಕಾಟ ಈ ಮೂರರಿಂದ ಶುರುವಾದರೆ ಬೇಗ ಮುಗಿಯುತ್ತದೆ.

ಆಮೇಲೆ ಅರ್ಥ್ ತಂತಿಯ ಅಖಂಡತೆ: ಮುಖ್ಯ ಅರ್ಥ್ ಕೊನೆಯಿಂದ ಯಾವ ಸಾಕೆಟ್ಟಿಗೆ ಅಳೆದರೂ 1 ಓಮ್ ಮೀರಬಾರದು. ಸ್ವಿಚ್ಚು ಫೇಸ್ ತಂತಿಯ ಮೇಲೆಯೇ ಇದೆಯೇ ಎಂಬುದು ಇನ್ನೊಂದು ಪರೀಕ್ಷೆ. ನ್ಯೂಟ್ರಲ್ ಮೇಲೆ ಸ್ವಿಚ್ಚಿದ್ದರೆ ಬಲ್ಬು ಆರುತ್ತದೆ, ಹೋಲ್ಡರಿನಲ್ಲಿ ಮಾತ್ರ 230 ವೋಲ್ಟ್ ಹಾಗೇ ಇರುತ್ತದೆ.

ಈ ಭಾಗದ ಹಳೆ ಕಟ್ಟಡಗಳಲ್ಲಿ ಅರ್ಥಿಂಗಿನದೇ ದೊಡ್ಡ ಕಥೆ. ಎಷ್ಟೋ ಮನೆಗಳಲ್ಲಿ ಅರ್ಥ್ ತಂತಿ ಮೇಲಕ್ಕೆ ಬಂದೇ ಇರುವುದಿಲ್ಲ. ಆಗ ಕೆಲವರು ಸಾಕೆಟ್ಟಿನೊಳಗೇ ಅರ್ಥ್ ಪಿನ್ನಿಗೂ ನ್ಯೂಟ್ರಲ್ಲಿಗೂ ಒಂದು ಚೋಟುದ್ದದ ತಂತಿ ಸಿಕ್ಕಿಸಿ ಕೈತೊಳೆದುಕೊಳ್ಳುತ್ತಾರೆ. ಆನ್‌ಲೈನಿನಲ್ಲಿ ಸಿಗುವ ಮೂರು ದೀಪದ ಪುಟ್ಟ ಸಾಕೆಟ್ ಟೆಸ್ಟರ್ ಚುಚ್ಚಿದರೆ ಎಲ್ಲ ಸರಿ ಎಂದೇ ತೋರಿಸುತ್ತದೆ. ಏಕೆಂದರೆ ನ್ಯೂಟ್ರಲ್ಲಿನಲ್ಲೂ ಅರ್ಥಿನಲ್ಲೂ ಅದಕ್ಕೆ ಕಾಣುವುದು ಒಂದೇ ಸ್ಥಿತಿ. ಕೆಳಗಿನ ಆ ಹಳೆ ಗಂಟಿನಲ್ಲಿ ನ್ಯೂಟ್ರಲ್ ಕಿತ್ತಿತೆಂದರೆ ಫ್ರಿಜ್ಜಿನ ಬಾಗಿಲು, ವಾಷಿಂಗ್ ಮಷೀನಿನ ಮೈ, ಗೀಸರಿನ ನಲ್ಲಿ ಎಲ್ಲದಕ್ಕೂ 230 ವೋಲ್ಟ್ ಬರುತ್ತದೆ. ಹಾಗಾಗಿ ಟೆಸ್ಟರನ್ನು ನಂಬಬೇಡಿ, ಎರಡು ಸಾಕೆಟ್ ಬಿಚ್ಚಿಸಿ ಒಳಗೆ ಇಣುಕಿ. ನೀರಿನ ಪೈಪಿಗೆ ಅರ್ಥ್ ಕಟ್ಟುವುದೂ ಹಳೆ ಚಾಳಿ. ಮೇಲಿನ ಮನೆಯವರು ಪ್ಲಾಸ್ಟಿಕ್ ಪೈಪು ಹಾಕಿಸಿದ ದಿನ ಅದು ಅರ್ಥವಿಲ್ಲದ ಅರ್ಥ್ ಆಗುತ್ತದೆ. ಗ್ರಾಹಕನ ಜಾಗದಲ್ಲಿ ಅರ್ಥ್ ಟರ್ಮಿನಲ್ ಒದಗಿಸುವ ಹೊಣೆ ಪೂರೈಕೆದಾರನದು. ಮೀಟರ್ ರೂಮಿನಲ್ಲಿ ಅದು ಎಲ್ಲಿದೆ ಎಂದು ಕೇಳಿ, ಅಲ್ಲಿಂದಲೇ ತಂತಿ ಎಳೆಸಿ.

ಕೊನೆಗೆ ಆರ್‌ಸಿಸಿಬಿ. ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು ಇದು. ಮನೆಗೆ 30 ಮಿಲಿಆಂಪಿಯರಿನದು ಬೇಕು; ಅಷ್ಟು ಕರೆಂಟು ಸೋರಿದರೆ 0.3 ಸೆಕೆಂಡಿನೊಳಗೆ ಕಡಿಯಬೇಕು. 100 ಮಿಲಿಆಂಪಿಯರಿನದು ಬೆಂಕಿ ತಡೆಯಲು ಸರಿ, ಮನುಷ್ಯನ ಜೀವಕ್ಕಲ್ಲ. ಇನ್ವರ್ಟರ್ ಏಸಿ, ಇಂಡಕ್ಷನ್ ಒಲೆ ಇರುವ ಮನೆಗೆ ಟೈಪ್ ಎ ಎಂದು ನಮೂದಿಸಿದ್ದನ್ನೇ ಕೊಳ್ಳಿ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಲು ಮನೆಯ ಯಾರಾದರೂ ಒಬ್ಬರಿಗೆ ವಹಿಸಿಬಿಡಿ.

ಹೊಸ ಆರ್‌ಸಿಸಿಬಿ ಹಾಕಿದ ಮರುದಿನವೇ ಪದೇ ಪದೇ ಟ್ರಿಪ್ ಆಗುತ್ತದೆಂದು ಬಿಚ್ಚಿಸಿ ಬಿಸಾಡಿದವರನ್ನು ಕಂಡಿದ್ದೇನೆ. ಜೋಡಿ ಫ್ಲಾಟುಗಳಲ್ಲಿ ಈ ತಂಟೆ ಹೆಚ್ಚು. ಪಕ್ಕದ ಫ್ಲಾಟು ಕೊಂಡು ನಡುಗೋಡೆ ಒಡೆದಾಗ ಎರಡು ಮೀಟರಿನ ಲೈನುಗಳು ಒಂದೇ ಬೋರ್ಡಿನಲ್ಲಿ ಕೂಡುತ್ತವೆ. ಒಂದು ಮೀಟರಿನ ಫೇಸಿನಿಂದ ಹೊರಟ ಕರೆಂಟು ಇನ್ನೊಂದರ ನ್ಯೂಟ್ರಲ್ಲಿನಲ್ಲಿ ಮರಳುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ ತಾಳೆಯಾಗದೆ ಆರ್‌ಸಿಸಿಬಿ ಬೀಳುತ್ತದೆ. ಅದು ತನ್ನ ಕೆಲಸವನ್ನೇ ಮಾಡುತ್ತಿದೆ. ನ್ಯೂಟ್ರಲ್‌ಗಳನ್ನು ಬೇರೆ ಮಾಡಿಸಬೇಕೇ ಹೊರತು ಕಾವಲುಗಾರನನ್ನೇ ಓಡಿಸುವುದಲ್ಲ.

ಕೆಲಸ ಆಗಿಹೋಗಿದ್ದರೆ

ಲೈಸನ್ಸ್ ಇಲ್ಲದವನಿಂದ ಕೆಲಸ ಮಾಡಿಸಿ, ಗೋಡೆ ಮುಚ್ಚಿ, ಪೇಂಟೂ ಆಗಿದೆ ಎನ್ನಿ. ನಿಯಮದ ಪ್ರಕಾರ ಹಾಗೆ ಆದ ಕೆಲಸಕ್ಕೆ ಸಂಪರ್ಕವನ್ನೇ ಕೊಡಕೂಡದು. ಹಾಗೆಂದು ಇಡೀ ಮನೆ ಒಡೆಯಬೇಕೆಂದಿಲ್ಲ. ಲೈಸನ್ಸ್ ಇರುವ ಕಂತ್ರಾಟುದಾರನಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿ, ಪರಿಶೀಲನೆ ಮತ್ತು ಸರಿಪಡಿಸುವ ಕೆಲಸವನ್ನೇ ಹೊಸ ಕೆಲಸವಾಗಿ ಒಪ್ಪಿಸಿ.

ಅವನು ಮಾಡಬೇಕಾದ್ದು ಇಷ್ಟು. ಡಿಬಿ ಮತ್ತು ಎಲ್ಲ ಬೋರ್ಡುಗಳನ್ನು ಬಿಚ್ಚಿ ನೋಡುವುದು. ಪ್ರತಿ ಸರ್ಕ್ಯೂಟಿನಲ್ಲಿ ಒಂದು ತಂತಿಯನ್ನು ಒಂದು ಬೋರ್ಡಿನ ಕಡೆಯಿಂದ ಹಿಡಿದು ಮೆಲ್ಲಗೆ ಎಳೆಯುವುದು. ಪೈಪಿನೊಳಗಿದ್ದರೆ ಅದು ಜಾರುತ್ತದೆ, ಆಚೆ ಬೋರ್ಡಿನಲ್ಲಿ ಅಲುಗುತ್ತದೆ. ಅಲುಗದಿದ್ದರೆ ಪೈಪಿಲ್ಲ, ಇಲ್ಲವೇ ಒಳಗೆ ಗಂಟಿದೆ. ಎಳೆದು ತೆಗೆಯಬಹುದಾದ ತಂತಿಯ ಮೇಲೆ ಕಂಪನಿ, ಅಳತೆ, ಐಎಸ್ಐ ಗುರುತು ಅಚ್ಚಾಗಿರುತ್ತದೆ. ಅನುಮಾನದ್ದನ್ನು ಹೊಸ ತಂತಿ ಕಟ್ಟಿ ಹಾಗೇ ಎಳೆದು ಬದಲಿಸಬಹುದು, ಗೋಡೆ ಮುಟ್ಟುವುದೇ ಬೇಡ. ಅಲುಗದ ಕಡೆ ಮಾತ್ರ ಕೊರೆಯಬೇಕು, ಅಥವಾ ಆ ಲೈನನ್ನು ಕಡಿದುಹಾಕಿ ಗೋಡೆಯ ಮೇಲೆ ಕೇಸಿಂಗ್ ಪಟ್ಟಿಯಲ್ಲಿ ಹೊಸತು ಎಳೆಯಬೇಕು. ನೋಡಲು ಅಂದವಲ್ಲ, ಆದರೆ ಸುರಕ್ಷಿತ. ಆಮೇಲೆ ಮೆಗ್ಗರ್, ಅರ್ಥ್, ಆರ್‌ಸಿಸಿಬಿ ಪರೀಕ್ಷೆ. ರಿಪೋರ್ಟಿನಲ್ಲಿ ಇವತ್ತಿನ ತಾರೀಕೇ ಇರಬೇಕು. ಯಾವ ಲೈನನ್ನು ಬದಲಿಸಿದ, ಯಾವುದನ್ನು ಕಣ್ಣಾರೆ ಕಾಣದೆ ಪರೀಕ್ಷೆಯಿಂದ ಮಾತ್ರ ಒಪ್ಪಿದ ಎಂದು ಅವನು ಬರೆಯಲು ತಯಾರಿದ್ದರೆ ಅವನನ್ನು ಬಿಡಬೇಡಿ.

ಇದರ ಬದಲು ಮನೆಗೆ ಕಾಲಿಡದೆ, ಕಚೇರಿಯ ಹೊರಗೇ ಫಾರಂ ತುಂಬಿ ಸಹಿ ಮಾಡಿಕೊಡುವವರೂ ಇದ್ದಾರೆ. ಅದು ಎಲ್ಲರಿಗೂ ಗೊತ್ತಿರುವ ವಿಷಯ. ಲೋಡಿನ ಅರ್ಜಿ ಅದರಿಂದ ಮುಂದೆ ಹೋಗಬಹುದು. ಆದರೆ ಅಳೆಯದೆ ಬರೆದ ಮೆಗಾಓಮ್ ಅಂಕಿ ನಿಮ್ಮ ಹೆಸರಿನ ಅರ್ಜಿಯ ಜೊತೆ ಕಡತದಲ್ಲಿ ಕೂರುತ್ತದೆ. ಮುಂದೆ ಏನಾದರೂ ಆದಾಗ ಮೊದಲು ತೆರೆಯುವುದು ಅದೇ ಕಡತ.

ಅರ್ಜಿ ತಿರಸ್ಕಾರವಾದರೆ ಬಾಯಿಮಾತಿಗೆ ಬಗ್ಗಬೇಡಿ. ವಯರಿಂಗ್ ಅಪಾಯಕಾರಿ ಎಂದು ಪೂರೈಕೆದಾರನಿಗೆ ಅನ್ನಿಸಿದರೆ ಏನು ಸರಿಪಡಿಸಬೇಕೆಂದು ಬರೆದ ನೋಟಿಸ್ ಕೊಡಬೇಕು. ಅದನ್ನು ಕೇಳಿ ಪಡೆಯಿರಿ. ದೋಷವಿದೆ ಎಂಬ ತೀರ್ಮಾನವೇ ತಪ್ಪೆನಿಸಿದರೆ ವಿದ್ಯುತ್ ನಿರೀಕ್ಷಕರಿಗೆ ಮೇಲ್ಮನವಿ ಸಲ್ಲಿಸಬಹುದು, ಅವರು ಪರೀಕ್ಷಿಸಿ ಸರಿಯಿದೆ ಎಂದರೆ ಅದೇ ಕಾರಣಕ್ಕೆ ಸಂಪರ್ಕ ನಿರಾಕರಿಸುವಂತಿಲ್ಲ. ವಿಳಂಬ, ಬಿಲ್ಲು, ಲೋಡಿನ ತಕರಾರು ಬೇರೆ ದಾರಿ: ಮೊದಲು 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಪಡೆದು, ಉಪವಿಭಾಗದ ಕಚೇರಿಗೆ ಲಿಖಿತ ದೂರು ಕೊಟ್ಟು, ಆಗದಿದ್ದರೆ ಕಲ್ಯಾಣ್ ಅಥವಾ ಭಾಂಡುಪ್ ವಲಯದ ಗ್ರಾಹಕ ತಕರಾರು ಪರಿಹಾರ ವೇದಿಕೆಗೆ, ಅಲ್ಲಿಂದ ಮುಂಬಯಿಯ ವಿದ್ಯುತ್ ಒಂಬುಡ್ಸ್‌ಮನ್‌ಗೆ. ವೇದಿಕೆಯ ಮುಂದೆ ವಕೀಲರಿಲ್ಲದೆ ನೀವೇ ಮಾತಾಡಬಹುದು. ಕನ್ನಡ ನಡೆಯದು. ಕಾಗದಗಳನ್ನು ತಾರೀಕಿನ ಕ್ರಮದಲ್ಲಿ ಜೋಡಿಸಿ ಒಯ್ದರೆ ಅರ್ಧ ಮಾತು ಮಿಗುತ್ತದೆ.

ಕಟ್ಟಡವೇ ರೀಡೆವಲಪ್‌ಮೆಂಟಿಗೆ ಹೋಗುವ ಮಾತು ನಡೆಯುತ್ತಿದ್ದರೆ ಇಷ್ಟೆಲ್ಲ ಖರ್ಚು ಯಾಕೆ ಎನ್ನುವವರಿದ್ದಾರೆ. ಪೂರ್ತಿ ವಯರಿಂಗ್ ಬೇಡ, ಒಪ್ಪುತ್ತೇನೆ. ಆ ಮಾತು ಎಷ್ಟು ವರ್ಷದಿಂದ ನಡೆಯುತ್ತಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆರ್‌ಸಿಸಿಬಿ, ಮೀಟರ್ ರೂಮಿನಿಂದ ಸರಿಯಾದ ಅರ್ಥ್ ತಂತಿ, ಗೀಸರಿಗೆ ಪ್ರತ್ಯೇಕ ಲೈನು, ಇಷ್ಟನ್ನಾದರೂ ಲೈಸನ್ಸಿನವರ ಕೈಯಲ್ಲಿ ಈ ಮಳೆಗಾಲಕ್ಕೆ ಮೊದಲು ಮಾಡಿಸಿ, ರಿಪೋರ್ಟಿನ ಒಂದು ಪ್ರತಿಯನ್ನು ಡಿಬಿಯ ಮುಚ್ಚಳದ ಒಳಬದಿಗೆ ಅಂಟಿಸಿ. ಮನೆ ಬಾಡಿಗೆಗೆ ಕೊಟ್ಟಿದ್ದರೆ ಬಾಡಿಗೆದಾರನಿಗೂ ಒಂದು ಪ್ರತಿ ಕೊಡಿ, ಯಾವ ಎಂಸಿಬಿ ಯಾವ ಕೋಣೆಯದೆಂದು ಬರೆದ ಚೀಟಿಯ ಸಮೇತ.